ಬಿಸಿಲ ಸೀಮೆಯಲ್ಲಿ ಟ್ಯಾಬಿನ ಓಟ

2021ರ ಜೂನ್ ತಿಂಗಳು. ಕೋವಿಡ್‌ನ ಎರಡನೇ ಅಲೆ ಇನ್ನೂ ಪೂರ್ತಿ ಇಳಿದಿರಲಿಲ್ಲ, ಕಾಲೇಜುಗಳ ಬಾಗಿಲು ಮುಚ್ಚಿತ್ತು. ಆಗ ರಾಜ್ಯ ಸರ್ಕಾರ ತನ್ನ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರು ಮಾಡಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎಷ್ಟೋ ಮನೆಗಳಿಗೆ ಅದೇ ಮೊದಲ ಕಂಪ್ಯೂಟರ್. ಅಂದು ಅದರಲ್ಲಿ ಪಾಠ ಕೇಳಿದವರು ಪದವಿ ಮುಗಿಸಿ ಬೆಂಗಳೂರು, ಪುಣೆ ಸೇರಿದ್ದಾರೆ. ಟ್ಯಾಬ್ ಮಾತ್ರ ಊರಲ್ಲೇ ಉಳಿದಿದೆ. ಹಗಲು ತಂಗಿ ಅದರಲ್ಲಿ ಪಿಡಿಒ ಪರೀಕ್ಷೆಯ ನೋಟ್ಸ್ ಓದುತ್ತಾಳೆ, ಸಂಜೆ ಅವ್ವ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಹಳೆಯ ಪ್ರವಚನ ಹಚ್ಚಿಕೊಂಡು ಕೂಡುತ್ತಾಳೆ. ಕೊಟ್ಟಾಗ ಚುರುಕಾಗಿಯೇ ಇತ್ತು. ಈಗ ಒಂದು ಆ್ಯಪ್ ಮುಟ್ಟಿದರೆ ಅದು ತೆರೆಯುವಷ್ಟರಲ್ಲಿ ಏನು ನೋಡಬೇಕೆಂದಿದ್ದೆವು ಎಂಬುದೇ ಮರೆತುಹೋಗುತ್ತದೆ.

ಹೀಗೆ ಮಂದವಾದ ಟ್ಯಾಬಿಗೆ ಕಾಲೇಜು ಹುಡುಗರು ಒಂದು ಮದ್ದು ಹೇಳುತ್ತಾರೆ: ರೂಟ್ ಮಾಡು, ಓವರ್‌ಕ್ಲಾಕ್ ಮಾಡು. ಅಂದರೆ ಟ್ಯಾಬಿನ ಬೀಗ ತೆಗೆದು ಅದರ ಒಳಾಡಳಿತವನ್ನು ಕೈಗೆ ತೆಗೆದುಕೊಳ್ಳುವುದು, ಆಮೇಲೆ ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಜೋರಾಗಿ ಓಡಿಸುವುದು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ, ಆದರೆ ಇವು ಬೇರೆ ಬೇರೆ ಕೆಲಸಗಳು. ಮೊದಲನೆಯದು ಮಾಲೀಕನ ಹಕ್ಕು, ಕಲಿಯಬೇಕಾದ ವಿದ್ಯೆ ಎಂದೇ ನಾನು ನಂಬಿದ್ದೇನೆ. ಎರಡನೆಯದು ನಮ್ಮ ಬಿಸಿಲ ಸೀಮೆಗೆ ಆಗಿಬರುವಂಥದ್ದಲ್ಲ.

ಇಂಡಿಯ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೇ ತಿಂಗಳ ಮಧ್ಯಾಹ್ನ, ಹೊರಗೆ ರಸ್ತೆಯ ಡಾಂಬರು ಕುದಿಯುತ್ತಿತ್ತು. ಒಬ್ಬ ಹುಡುಗಿ ಚೀಲದಿಂದ ಟ್ಯಾಬ್ ತೆಗೆದು ಕೌಂಟರಿನ ಮೇಲಿಟ್ಟಳು.

“ಭಾಳ ಸ್ಲೋ ಆಗೇದ್ರಿ ಅಣ್ಣಾ. ಪಿಡಿಎಫ್ ತೆಗೀಬೇಕಂದ್ರ ಹ್ಯಾಂಗ್ ಆಗ್ತದ. ನಮ್ಮ ತಮ್ಮ ರೂಟ್ ಮಾಡಸು, ಸ್ಪೀಡ್ ಆಗ್ತದ ಅಂದ.”

“ರೂಟ್ ಆಮ್ಯಾಲ ನೋಡೂಣು ತಂಗಿ. ಮೊದಲ ಇದರಾಗ ಜಾಗಾ ಎಷ್ಟದ ತೋರಸು.”

ಸೆಟ್ಟಿಂಗ್ಸ್ ತೆರೆಯುವುದಕ್ಕೇ ಹೊತ್ತು ಹಿಡಿಯಿತು. 32 ಜಿಬಿ ಸ್ಟೋರೇಜಿನಲ್ಲಿ ಉಳಿದದ್ದು ಒಂದು ಜಿಬಿಗೂ ಕಡಿಮೆ. ಗ್ರೂಪುಗಳಲ್ಲಿ ಬಂದ ಗುಡ್ ಮಾರ್ನಿಂಗ್ ಚಿತ್ರಗಳು, ಮದುವೆಯ ವಿಡಿಯೊಗಳು, ಒಂದೇ ಪ್ರಶ್ನೆಪತ್ರಿಕೆಯ ನಾಲ್ಕಾರು ಪ್ರತಿಗಳು. ಅಂಗಡಿಯ ಹುಡುಗ ಟ್ಯಾಬನ್ನು ಅಡ್ಡ ಹಿಡಿದು ಅಂಚಿನ ಮೇಲೆ ಉಗುರು ಆಡಿಸಿದ. ಪರದೆ ಒಂದು ಕಡೆ ಕೂದಲೆಳೆಯಷ್ಟು ಮೇಲೆದ್ದಿತ್ತು. “ಬ್ಯಾಟರಿ ಉಬ್ಬಲಿಕ್ಹತ್ತೇದ. ಇದನ್ನ ಮೊದಲ ತೆಗೀಬೇಕು, ಇಲ್ಲಂದ್ರ ಡಿಸ್ಪ್ಲೇನೂ ಹೋಗ್ತದ” ಅಂದ. ವೇಗದ ಮಾತು ಅಲ್ಲಿಗೆ ನಿಂತಿತು. ಆ ಟ್ಯಾಬನ್ನು ಯಾರಾದರೂ ಓವರ್‌ಕ್ಲಾಕ್ ಮಾಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅದು ಪುಟ್ಟ ಮಕ್ಕಳಿರುವ ಮನೆಯಲ್ಲಿ ಹಾಸಿಗೆಯ ಮೇಲೆ ಚಾರ್ಜಿಗೆ ಬೀಳುವ ವಸ್ತು.

ರೂಟ್ ಎಂದರೇನು? ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಲಿನಕ್ಸಿನಲ್ಲಿ ಎಲ್ಲ ಅಧಿಕಾರವೂ ಇರುವ ಬಳಕೆದಾರನಿಗೆ ‘ರೂಟ್’ ಎಂದು ಹೆಸರು. ದುಡ್ಡು ಕೊಟ್ಟು ಕೊಂಡವರು ನಾವಾದರೂ ಆ ಅಧಿಕಾರವನ್ನು ಕಂಪನಿ ನಮ್ಮ ಕೈಗೆ ಕೊಟ್ಟಿರುವುದಿಲ್ಲ. ಅದನ್ನು ಪಡೆಯಲು ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರಿನ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆಯಬೇಕು, ಕಂಪನಿ ಅವಕಾಶ ಕೊಟ್ಟಿದ್ದರೆ ಟ್ಯಾಬನ್ನು ಎಬ್ಬಿಸುವ ಬೂಟ್‌ಲೋಡರ್‌ನ ಬೀಗ ತೆಗೆಯಬೇಕು, ಆಮೇಲೆ ಮ್ಯಾಜಿಸ್ಕ್‌ನಂಥ ತಂತ್ರಾಂಶದಿಂದ ಬೂಟ್ ಇಮೇಜನ್ನು ತಿದ್ದಿ ಮತ್ತೆ ಒಳಗೆ ಹಾಕಬೇಕು. ಬೀಗ ತೆಗೆಯುವಾಗ ಒಳಗಿನ ಫೋಟೊ, ನೋಟ್ಸ್ ಎಲ್ಲ ಅಳಿಸಿಹೋಗುತ್ತವೆ. ಬೇರೆ ಮಾದರಿಯ ಫೈಲ್ ಹಾಕಿದರೆ ಟ್ಯಾಬ್ ಮೇಲೇಳುವುದೇ ಇಲ್ಲ, ಅಂಗಡಿಯವರ ಮಾತಿನಲ್ಲಿ ‘ಡೆಡ್’. ರೂಟ್ ಆದ ಸಾಧನದಲ್ಲಿ ಹಲವು ಬ್ಯಾಂಕ್ ಆ್ಯಪ್‌ಗಳು, ಹಣ ಪಾವತಿಯ ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ಮನೆಯ ವ್ಯವಹಾರವೆಲ್ಲ ಅದೇ ಟ್ಯಾಬಿನಲ್ಲಿ ನಡೆಯುವುದಾದರೆ ಇದು ಸಣ್ಣ ಮಾತಲ್ಲ.

ಹಾಗಿದ್ದೂ ಕನ್ನಡಿಗರಿಗೆ ರೂಟ್ ವಿದ್ಯೆ ಒಂದು ಕಾಲದಲ್ಲಿ ಬೇಕೇಬೇಕಾಗಿತ್ತು, ಅದೂ ವೇಗಕ್ಕಾಗಿ ಅಲ್ಲ, ಅಕ್ಷರಕ್ಕಾಗಿ. 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ದೆಹಲಿಯಲ್ಲಿ ‘ಆಕಾಶ್’ ಟ್ಯಾಬ್ ಬಿಡುಗಡೆ ಮಾಡಿದ್ದು ನೆನಪಿರಬಹುದು. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಆಂಡ್ರಾಯ್ಡ್ 2.2. ಜಗತ್ತಿನ ಅತಿ ಅಗ್ಗದ ಟ್ಯಾಬ್ ಎಂದು ದೊಡ್ಡ ಸುದ್ದಿಯಾಯಿತು. ಅದು ನಿಧಾನ ಎಂದು ಎಲ್ಲರೂ ಬರೆದರು. ನಮ್ಮ ಪಾಲಿಗೆ ಅದಕ್ಕಿಂತ ದೊಡ್ಡ ಕೊರತೆ ಬೇರೆ ಇತ್ತು: ಆಂಡ್ರಾಯ್ಡ್‌ನ ಆ ಮೂಲ ಆವೃತ್ತಿಯಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಕನ್ನಡದ ಯಾವ ಪುಟ ತೆರೆದರೂ ಸಾಲುಸಾಲು ಖಾಲಿ ಡಬ್ಬಿಗಳು. ಆಗಿನವರು ಒಪೆರಾ ಮಿನಿ ಬ್ರೌಸರಿನ ಒಳಗಿನ ಒಂದು ಸೆಟ್ಟಿಂಗ್ ಬದಲಿಸಿ ಕನ್ನಡವನ್ನು ಚಿತ್ರದ ರೂಪದಲ್ಲಿ ತರಿಸಿಕೊಂಡು ಓದುತ್ತಿದ್ದರು. ಅಷ್ಟಕ್ಕೆ ತೃಪ್ತರಾಗದವರು ಫೋನನ್ನು ರೂಟ್ ಮಾಡಿ ಸಿಸ್ಟಮ್ ಫೋಲ್ಡರಿನ ಫಾಂಟ್ ಫೈಲನ್ನೇ ಬದಲಿಸಿ ಕನ್ನಡ ಕೂರಿಸುತ್ತಿದ್ದರು. ಡಬ್ಬಿಗಳು ಹೋಗಿ ಅಕ್ಷರ ಬಂತು, ಒತ್ತಕ್ಷರ ಮಾತ್ರ ಬರಲಿಲ್ಲ. ‘ಅಕ್ಕ’ ಎಂದು ಇರಬೇಕಾದಲ್ಲಿ ‘ಅಕ್‌ಕ’, ‘ಮಲ್ಲಿಗೆ’ ಇರಬೇಕಾದಲ್ಲಿ ‘ಮಲ್‌ಲಿಗೆ’. ಅಕ್ಷರಗಳನ್ನು ಜೋಡಿಸುವ ತಂತ್ರಾಂಶ ಒಳಗೆ ಇಲ್ಲದಿದ್ದರೆ ಫಾಂಟ್ ಒಂದರಿಂದಲೇ ಕೆಲಸ ಆಗದು.

2012ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಮೂರೂ ಸೇರಿದವು. ಆ ಆವೃತ್ತಿಯನ್ನು ಹೊತ್ತು ಬಂದ ಮೊದಲ ಸಾಧನ ಫೋನಲ್ಲ, ಒಂದು ಟ್ಯಾಬ್: ಆಸುಸ್ ತಯಾರಿಸಿ ಗೂಗಲ್ ಮಾರಿದ ನೆಕ್ಸಸ್ 7. ಏಳು ಇಂಚಿನ ಪರದೆ, ಒಂದು ಜಿಬಿ ರ‍್ಯಾಮ್, ಟೆಗ್ರಾ 3 ಪ್ರೊಸೆಸರ್. ಓವರ್‌ಕ್ಲಾಕ್ ಹುಚ್ಚಿದ್ದವರು ಜಗತ್ತಿನಾದ್ಯಂತ ಮುಗಿಬಿದ್ದದ್ದೂ ಇದರ ಮೇಲೆಯೇ. ಗೂಗಲ್ ಇದರ ಬೂಟ್‌ಲೋಡರನ್ನು ತೆರೆಯಲು ಬಿಟ್ಟಿತ್ತು, ಕರ್ನಲ್‌ನ ಮೂಲ ಸಂಕೇತವೂ ಸಿಗುತ್ತಿತ್ತು. ಹಾಗಾಗಿ ಹವ್ಯಾಸಿಗಳು ತಮ್ಮದೇ ಕರ್ನಲ್ ಕಟ್ಟಿ, 1.2 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದ ನಾಲ್ಕು ಕೋರ್‌ಗಳನ್ನು 1.6 ಗಿಗಾಹರ್ಟ್ಸ್‌ವರೆಗೆ ಓಡಿಸಿದರು.

ಅದು ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪ್ರೊಸೆಸರ್ ಸದಾ ಒಂದೇ ವೇಗದಲ್ಲಿ ಓಡುವುದಿಲ್ಲ. ಕರ್ನಲ್‌ನೊಳಗೆ ‘ಗವರ್ನರ್’ ಎಂಬ ಒಂದು ಭಾಗವಿದೆ, ಕೆಲಸದ ಹೊರೆ ನೋಡಿ ವೇಗವನ್ನು ಏರಿಸಿ ಇಳಿಸುವುದು ಅದರ ಕೆಲಸ. ‘ಆನ್‌ಡಿಮ್ಯಾಂಡ್’ ಎಂಬುದು ಹೊರೆ ಬಿದ್ದ ತಕ್ಷಣ ಮೇಲಕ್ಕೆ ಜಿಗಿಯುತ್ತದೆ, ‘ಕನ್ಸರ್ವೇಟಿವ್’ ನಿಧಾನವಾಗಿ ಮೆಟ್ಟಿಲು ಹತ್ತುತ್ತದೆ, ‘ಪರ್ಫಾರ್ಮೆನ್ಸ್’ ಇಳಿಯುವುದೇ ಇಲ್ಲ, ‘ಪವರ್‌ಸೇವ್’ ಏರುವುದೇ ಇಲ್ಲ. ರೂಟ್ ಆದ ಟ್ಯಾಬಿನ ಸಿಸ್ಟಮ್ ಫೋಲ್ಡರುಗಳಲ್ಲಿ ಗರಿಷ್ಠ ವೇಗವನ್ನು ಬರೆದಿಟ್ಟ ಒಂದು ಪುಟ್ಟ ಫೈಲ್ ಇರುತ್ತದೆ. ತೆರೆದರೆ ಒಳಗೆ ಒಂದೇ ಸಂಖ್ಯೆ: 1300000 ಎಂದಿದ್ದರೆ ಅಷ್ಟು ಕಿಲೋಹರ್ಟ್ಸ್, ಅಂದರೆ 1.3 ಗಿಗಾಹರ್ಟ್ಸ್. ಅದನ್ನು ಕೆಳಗಿಳಿಸಲು ರೂಟ್ ಸಾಕು. ಕಂಪನಿಯ ಮಿತಿಗಿಂತ ಮೇಲೇರಿಸಬೇಕಾದರೆ ಆ ವೇಗಕ್ಕೂ ಅದಕ್ಕೆ ತಕ್ಕ ವೋಲ್ಟೇಜಿಗೂ ಜಾಗ ಮಾಡಿಕೊಟ್ಟ ಬೇರೆ ಕರ್ನಲ್ ಬೇಕು. ಇಂದಿನ ಅಗ್ಗದ ಟ್ಯಾಬುಗಳಲ್ಲಿ ಅಂಥ ಕರ್ನಲ್ ಸಿಗುವುದು ಬಹಳ ಅಪರೂಪ. ಪ್ಲೇಸ್ಟೋರಿನಲ್ಲಿ ‘ಬೂಸ್ಟರ್’, ‘ಸ್ಪೀಡಪ್’ ಎಂದು ಹೆಸರಿಟ್ಟುಕೊಂಡ ಆ್ಯಪ್‌ಗಳು ಇದರಲ್ಲಿ ಯಾವುದನ್ನೂ ಮಾಡಲಾರವು. ತೆರೆದ ಆ್ಯಪ್‌ಗಳನ್ನು ಕೊಂದುಹಾಕುತ್ತವೆ, ಅವು ಮತ್ತೆ ಮೊದಲಿನಿಂದ ತೆರೆದುಕೊಳ್ಳಬೇಕಾಗಿ ಟ್ಯಾಬ್ ಇನ್ನಷ್ಟು ದಣಿಯುತ್ತದೆ. ಅವನ್ನು ತೆಗೆದುಹಾಕಿ.

ವೇಗ ಏರಿಸಿದಾಗ ತೆರಬೇಕಾದ ಬೆಲೆ ಶಾಖ. ಪ್ರೊಸೆಸರ್ ಕುಡಿಯುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗವನ್ನು 1.2ರಿಂದ 1.6ಕ್ಕೆ ಏರಿಸಿದರೆ ಮೂರನೇ ಒಂದು ಪಾಲು ಹೆಚ್ಚಾಯಿತು. ಆ ವೇಗದಲ್ಲಿ ಮುಗ್ಗರಿಸದೆ ಓಡಲು ವೋಲ್ಟೇಜನ್ನು ಶೇ 10ರಷ್ಟು ಏರಿಸಿದೆವು ಎಂದುಕೊಳ್ಳಿ. ಗುಣಿಸಿ ನೋಡಿದರೆ ವಿದ್ಯುತ್ತು, ಶಾಖ ಎರಡೂ ಶೇ 60ರಷ್ಟು ಹೆಚ್ಚಾಗಿರುತ್ತವೆ. ಟ್ಯಾಬಿನೊಳಗೆ ಫ್ಯಾನ್ ಇಲ್ಲ, ಶಾಖ ಹೊರಗೆ ಹೋಗಬೇಕಾದದ್ದು ತೆಳುವಾದ ಹಿಂಬದಿಯ ಮೂಲಕವೇ. ಹೊರಗಿನ ಗಾಳಿ ತಂಪಾಗಿದ್ದರೆ ಹೋದೀತು. ಭೀಮಾ ತೀರದ ನಮ್ಮ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದೆಂಬುದು ಸಾಮಾನ್ಯ ನಿಯಮ. ಇಲ್ಲಿ ಟ್ಯಾಬನ್ನು ಸುಮ್ಮನೆ ಮೇಜಿನ ಮೇಲಿಟ್ಟರೂ ಆ ಗೆರೆ ಹತ್ತಿರದಲ್ಲೇ ಇದೆ. ಚಿಪ್ ಅತಿಯಾಗಿ ಬಿಸಿಯಾದರೆ ಸಿಸ್ಟಮ್ ತಾನಾಗಿ ವೇಗ ತಗ್ಗಿಸುತ್ತದೆ. ಹಾಗಾಗಿ ಏರಿಸಿದ ವೇಗ ಒಂದಿಷ್ಟು ನಿಮಿಷ ಉಳಿದು, ಆಮೇಲೆ ಟ್ಯಾಬ್ ಮೊದಲಿಗಿಂತ ಕೆಳಗೆ ಕುಸಿಯುವುದೂ ಉಂಟು. ಸೋತ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ಇನ್ನು ಕೆಲವು ಹುಡುಗರು ಈ ಕಾವಲನ್ನೇ ಕಿತ್ತುಹಾಕುವ ವಿಧಾನ ಹುಡುಕಿಕೊಂಡು ಬರುತ್ತಾರೆ. ದಯವಿಟ್ಟು ಅದೊಂದನ್ನು ಮಾಡಬೇಡಿ. ಉಬ್ಬಿದ ಬ್ಯಾಟರಿ ಬೆಂಕಿ ಹಿಡಿಯಬಲ್ಲದು.

ಇಷ್ಟಕ್ಕೂ ನಿಧಾನದ ಮೂಲ ಪ್ರೊಸೆಸರಿನಲ್ಲಿ ಇದೆಯೇ? ನೆಕ್ಸಸ್ 7ರ ಕಥೆಯೇ ಇದಕ್ಕೆ ಉತ್ತರ. ಕೊಂಡ ಕೆಲವು ತಿಂಗಳಿಗೇ ಅದು ಮಂದವಾಗುತ್ತದೆ ಎಂಬ ದೂರು ಎಲ್ಲೆಡೆಯಿಂದ ಬಂತು. ಪ್ರೊಸೆಸರಿನ ವೇಗ ಅಷ್ಟೇ ಇತ್ತು, ಕೋರ್‌ಗಳು ನಾಲ್ಕೂ ಇದ್ದವು. ದೋಷ ಇದ್ದದ್ದು ಸ್ಟೋರೇಜಿನಲ್ಲಿ. ನಾವು ಒಂದು ಫೈಲ್ ಅಳಿಸಿದರೆ ಆ ಜಾಗ ಖಾಲಿಯಾಯಿತು ಎಂದು ಫ್ಲ್ಯಾಶ್ ಚಿಪ್‌ಗೆ ತಿಳಿಸಬೇಕು, ಅದಕ್ಕೆ ‘ಟ್ರಿಮ್’ ಎಂದು ಹೆಸರು. ಆಗಿನ ಆಂಡ್ರಾಯ್ಡ್ ಅದನ್ನು ತಿಳಿಸುತ್ತಿರಲಿಲ್ಲ. ಚಿಪ್ ಎಲ್ಲ ಜಾಗವೂ ತುಂಬಿದೆ ಎಂದೇ ತಿಳಿದು, ಪ್ರತಿ ಸಲ ಬರೆಯುವಾಗಲೂ ಹಳೆಯದನ್ನು ಸರಿಸಿ, ಒರೆಸಿ, ಆಮೇಲೆ ಬರೆಯುತ್ತಿತ್ತು. ರೂಟ್ ಮಾಡಿಕೊಂಡವರು ‘ಲ್ಯಾಗ್‌ಫಿಕ್ಸ್’ ಎಂಬ ಪುಟ್ಟ ಆ್ಯಪ್ ಓಡಿಸಿ ಟ್ರಿಮ್ ಮಾಡಿಸಿದರು, ಟ್ಯಾಬ್ ಮತ್ತೆ ಚುರುಕಾಯಿತು. 2013ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.3ರಿಂದ ಈ ಕೆಲಸವನ್ನು ಸಿಸ್ಟಮ್ ತಾನೇ ಮಾಡತೊಡಗಿತು. ಸಾಧನ ಸುಮ್ಮನಿದ್ದಾಗ, ಬ್ಯಾಟರಿ ಸಾಕಷ್ಟಿದ್ದಾಗ, ಹೆಚ್ಚಾಗಿ ರಾತ್ರಿಯ ಹೊತ್ತು. ದಿನವೂ ಮಲಗುವ ಮುಂಚೆ ಟ್ಯಾಬನ್ನು ಸ್ವಿಚ್ ಆಫ್ ಮಾಡಿ ಪೆಟ್ಟಿಗೆಯಲ್ಲಿ ಇಡುವವರು ಆ ಅವಕಾಶವನ್ನೇ ತಪ್ಪಿಸುತ್ತಿದ್ದಾರೆ.

ಆದ್ದರಿಂದ ಮೊದಲು ಜಾಗ ಖಾಲಿ ಮಾಡಿ. ಸ್ಟೋರೇಜಿನ ಹತ್ತರಲ್ಲಿ ಎರಡು ಪಾಲಾದರೂ ಬರಿದಾಗಿರಲಿ. ಡೆವಲಪರ್ ಆಯ್ಕೆಗಳಲ್ಲಿ ಅನಿಮೇಷನ್‌ನ ಮೂರೂ ಅಳತೆಗಳನ್ನು ಅರ್ಧಕ್ಕೆ ಇಳಿಸಿದರೆ ಕಾಯುವ ಹೊತ್ತು ಕಣ್ಣಿಗೇ ಕಾಣುವಷ್ಟು ಕಡಿಮೆಯಾಗುತ್ತದೆ, ಇದಕ್ಕೆ ರೂಟ್ ಬೇಡ. ಕಂಪನಿ ತುಂಬಿಕೊಟ್ಟ, ಎಂದೂ ತೆರೆಯದ ಆ್ಯಪ್‌ಗಳನ್ನು ನಿಷ್ಕ್ರಿಯ ಮಾಡಬಹುದು. ಸೆಟ್ಟಿಂಗ್ಸ್ ಬಿಡದಿದ್ದರೆ ಕಂಪ್ಯೂಟರಿಗೆ ಕೇಬಲ್ ಹಾಕಿ ಎಡಿಬಿ ಎಂಬ ತಂತ್ರಾಂಶದಿಂದ ತೆಗೆಯಬಹುದು, ಅದಕ್ಕೂ ರೂಟ್ ಬೇಡ. ಇದೆಲ್ಲ ಮಾಡಿದ ಮೇಲೂ ರೂಟ್ ಮಾಡುವ ಧೈರ್ಯ, ಎರಡನೇ ಸಾಧನ, ಡೇಟಾದ ಬ್ಯಾಕಪ್ ಮೂರೂ ಇದ್ದವರಿಗೆ ನಾನು ಹೇಳುವುದು ಇಷ್ಟು: ರ‍್ಯಾಮ್ ಕಡಿಮೆಯಿದ್ದು ಸಿಸ್ಟಮ್‌ನಲ್ಲಿ ಝಡ್‌ರ‍್ಯಾಮ್ ಇಲ್ಲದಿದ್ದರೆ ಅದನ್ನು ಚಾಲೂ ಮಾಡಿ. ಬಳಸದ ಮಾಹಿತಿಯನ್ನು ಅದು ರ‍್ಯಾಮಿನೊಳಗೇ ಒತ್ತಿ ಸಣ್ಣದು ಮಾಡಿಡುತ್ತದೆ, ಆ್ಯಪ್‌ಗಳು ನಡುವೆ ಸಾಯುವುದು ತಪ್ಪುತ್ತದೆ. ಬೇಸಿಗೆಯ ಮೂರು ತಿಂಗಳು ಗರಿಷ್ಠ ವೇಗವನ್ನು ಒಂದು ಮೆಟ್ಟಿಲು ಕೆಳಗೇ ಇಡಿ. ನಿಮ್ಮ ಮಾದರಿಗೆ ಲಿನೇಜ್ ಓಎಸ್ ಇದ್ದರೆ ಅದನ್ನು ಪರೀಕ್ಷಿಸಿ. 2016ರ ಡಿಸೆಂಬರ್‌ನಲ್ಲಿ ಸಯನೋಜೆನ್‌ಮಾಡ್ ಬಾಗಿಲು ಹಾಕಿದಾಗ ಅದರ ಸ್ವಯಂಸೇವಕರೇ ಮುಂದುವರಿಸಿದ ವ್ಯವಸ್ಥೆ ಇದು. ಕಂಪನಿ ಕೈಬಿಟ್ಟ ಎಷ್ಟೋ ಸಾಧನಗಳಿಗೆ ಹೊಸ ಆಂಡ್ರಾಯ್ಡ್ ತಂದುಕೊಟ್ಟಿದೆ.

ಟ್ಯಾಬ್ ನಿಧಾನವಾಗಲು ಇರುವ ಇನ್ನೊಂದು ಕಾರಣವನ್ನು ಯಾರೂ ಹೇಳುವುದಿಲ್ಲ. ನಮ್ಮ ಮಕ್ಕಳು ಟ್ಯಾಬಿನಲ್ಲಿ ತೆರೆಯುವ ಕನ್ನಡ ಪುಸ್ತಕ ಯಾವ ರೂಪದಲ್ಲಿದೆ? ಚಡಚಣದ ಹತ್ತಿರದ ಹಲಸಂಗಿಯನ್ನು ನೆನೆಯಿರಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಈ ಊರನ್ನು ನೆಲೆ ಮಾಡಿಕೊಂಡು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು, ಆಮೇಲೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ಕನ್ನಡ ಜಾನಪದ ಓದುವ ಯಾವ ವಿದ್ಯಾರ್ಥಿಗೂ ಇವು ಬೇಕು. ಆದರೆ ಆ ಕಾಲದ ಪುಸ್ತಕಗಳು ನಮಗೆ ಸಾಮಾನ್ಯವಾಗಿ ಸಿಗುವುದು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ, ಅಂದರೆ ಪುಟಪುಟವೂ ಒಂದು ಫೋಟೊ. ಐದು ಇಂಚು ಅಗಲ, ಎಂಟು ಇಂಚು ಉದ್ದದ ಪುಟವನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 36 ಲಕ್ಷ ಚುಕ್ಕೆಗಳಾಗುತ್ತವೆ. ಪರದೆಗೆ ತರಲು ಚುಕ್ಕೆಗೆ 4 ಬೈಟ್ ಬೇಕು, ಒಂದು ಪುಟಕ್ಕೆ 14 ಎಂಬಿ ರ‍್ಯಾಮ್ ಹೋಯಿತು. ಅದೇ ಪುಟ ಯುನಿಕೋಡ್ ಪಠ್ಯವಾಗಿದ್ದರೆ? ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಪುಟದಲ್ಲಿ ಸಾವಿರದೈನೂರು ಸಂಕೇತಗಳಿದ್ದರೂ ನಾಲ್ಕೂವರೆ ಕೆಬಿ. ಮೂರು ಸಾವಿರ ಪಟ್ಟು ಹಗುರ! ಇಂಡಿಯ ಅಂಗಡಿಯಲ್ಲಿ ಆ ಹುಡುಗಿ ಪಿಡಿಎಫ್ ಹ್ಯಾಂಗ್ ಆಗುತ್ತದೆ ಎಂದಾಗ ಅದು ಹೊತ್ತಿದ್ದ ಭಾರ ಇದು. ಯಾವ ಓವರ್‌ಕ್ಲಾಕೂ ಟ್ಯಾಬಿನ ವೇಗವನ್ನು ಎರಡು ಪಟ್ಟು ಕೂಡ ಮಾಡಲಾರದು. ಸ್ಕ್ಯಾನ್ ಪುಟಗಳನ್ನು ಪಠ್ಯವಾಗಿಸಿ, ತಪ್ಪು ತಿದ್ದಿ ಕನ್ನಡ ವಿಕಿಸೋರ್ಸ್‌ಗೆ ಸೇರಿಸುತ್ತಿರುವ ಸ್ವಯಂಸೇವಕರು ನಮ್ಮ ಹಳೆಯ ಟ್ಯಾಬುಗಳಿಗೆ ಮಾಡುತ್ತಿರುವ ಉಪಕಾರ ದೊಡ್ಡದು. ಅಲ್ಲಿ ಒಂದು ಸಾಲನ್ನು ಹುಡುಕಬಹುದು, ಎತ್ತಿ ಬರೆದುಕೊಳ್ಳಬಹುದು. ಫೋಟೊದಲ್ಲಿ ಅದು ಆಗದು. ನಮ್ಮ ಕಡೆಯ ಪದವಿ ಕಾಲೇಜುಗಳ ಕನ್ನಡ ವಿಭಾಗಗಳು, ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನು ಹೀಗೆ ಪಠ್ಯವಾಗಿಸುವ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಹಚ್ಚಿದರೆ ಎಷ್ಟು ಚೆನ್ನ.

ಕೊನೆಗೆ ಹಕ್ಕಿನ ಮಾತು. ಲಿನಕ್ಸ್ ಕರ್ನಲ್ ಬಳಸಿ ಸಾಧನ ಮಾರುವವರು, ಜಿಪಿಎಲ್ ಪರವಾನಗಿಯ ಪ್ರಕಾರ, ತಾವು ಬಳಸಿದ ಕರ್ನಲ್‌ನ ಮೂಲ ಸಂಕೇತವನ್ನು ಕೇಳಿದವರಿಗೆ ಕೊಡಬೇಕು. ಅಗ್ಗದ ಟ್ಯಾಬುಗಳ ವಿಷಯದಲ್ಲಿ ಇದು ಎಷ್ಟೋ ಸಲ ನಡೆಯುವುದಿಲ್ಲ. ಮೂಲ ಸಂಕೇತ ಇಲ್ಲ, ಬೂಟ್‌ಲೋಡರ್ ತೆರೆಯುವುದಿಲ್ಲ, ಎರಡು ವರ್ಷಕ್ಕೆ ಅಪ್‌ಡೇಟ್ ನಿಂತಿತು ಎಂದರೆ ಗಟ್ಟಿಮುಟ್ಟಾದ ಯಂತ್ರವೂ ಕಸವಾಗುತ್ತದೆ. ಯುರೋಪಿನ ಒಕ್ಕೂಟ 2025ರ ಜೂನ್ 20ರಿಂದ ಅಲ್ಲಿ ಮಾರಾಟಕ್ಕೆ ಬರುವ ಫೋನು, ಟ್ಯಾಬುಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕೆಂದು ನಿಯಮ ಮಾಡಿದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯ ಹೆಜ್ಜೆ, ಆದರೆ ಅದರಿಂದ ಬೀಗ ತೆರೆಯುವುದಿಲ್ಲ.

ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಲಕ್ಷಗಟ್ಟಲೆ ಟ್ಯಾಬ್ ಒಂದೇ ಸಲಕ್ಕೆ ಕೊಳ್ಳುವ ಸರ್ಕಾರದ ಮಾತನ್ನು ಯಾವ ಕಂಪನಿಯೂ ತಳ್ಳಿಹಾಕಲಾರದು. ಮುಂದಿನ ಟೆಂಡರ್ ಬರೆಯುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇದು: ಐದು ವರ್ಷದ ಅಪ್‌ಡೇಟ್, ತಾಲ್ಲೂಕು ಮಟ್ಟದ ಅಂಗಡಿಯಲ್ಲೂ ಬದಲಿಸಬಹುದಾದ ಬ್ಯಾಟರಿ, ಕರ್ನಲ್‌ನ ಮೂಲ ಸಂಕೇತ, ಅಪ್‌ಡೇಟ್ ನಿಂತ ದಿನ ಬೂಟ್‌ಲೋಡರ್ ತೆರೆಯುವ ಕೀಲಿ. ಈ ನಾಲ್ಕು ಷರತ್ತುಗಳನ್ನು ಸೇರಿಸಿ.